ಕಿವಿಯೊಳಗಿನ ಗಿಣಿಪಾಠ

ಹೀಬ್ರೂ ಭಾಷೆಯಲ್ಲಿ ಗಿಣಿಗೆ ‘ತುಕಿ’ ಎನ್ನುತ್ತಾರೆ. ಬೈಬಲ್ಲಿನ ಹಳೆಯ ಹೀಬ್ರೂವಿನಲ್ಲಿ ಈ ಪದ ಗಿಣಿಯದಾಗಿರಲಿಲ್ಲ. ಸೊಲೊಮನ್ ದೊರೆಯ ಹಡಗುಗಳು ಮೂರು ವರ್ಷಕ್ಕೊಮ್ಮೆ ಚಿನ್ನ, ಬೆಳ್ಳಿ, ದಂತ, ಕೋತಿಗಳ ಜೊತೆಗೆ ‘ತುಕ್ಕಿಯಿಮ್’ಗಳನ್ನೂ ತರುತ್ತಿದ್ದವು ಎಂದು ಅಲ್ಲಿ ಬರುತ್ತದೆ. ಅನುವಾದಕರು ಬಹಳ ಕಾಲದಿಂದ ಅದನ್ನು ನವಿಲುಗಳು ಎಂದು ಓದಿಕೊಂಡಿದ್ದಾರೆ. ನವಿಲಿನ ಬಾಲಕ್ಕೆ ತಮಿಳರು ಹೇಳುವ ‘ತೋಗೈ’ ಎಂಬ ಪದವೇ ಹಡಗು ಹತ್ತಿ ಹೋಗಿ ತುಕ್ಕಿ ಆಯಿತು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ನಮ್ಮ ನಿಘಂಟಿನಲ್ಲಿ ಬಾಲ ಎಂಬ ಅರ್ಥದಲ್ಲಿ ಕೂತಿರುವ ‘ತೋಕೆ’ ಅದರ ತಂಗಿ. ಇಂದಿನ ಹೀಬ್ರೂವಿನಲ್ಲಿ ನವಿಲಿಗೆ ಬೇರೆಯೇ ಪದವಿದೆ, ತುಕಿ ಗಿಣಿಯ ಪಾಲಾಗಿದೆ.

ಈ ಕಥೆ ನನಗೆ ಇಷ್ಟವಾಗಲು ಕಾರಣ, ನಾನು ಹೀಬ್ರೂ ಕಲಿತದ್ದೂ ಗಿಣಿಯ ಹಾಗೆಯೇ. ಲಿಪಿ ಇಲ್ಲ, ಪುಸ್ತಕ ಇಲ್ಲ, ಮೇಷ್ಟ್ರು ಇಲ್ಲ. ಕಿವಿಗೆ ಇಯರ್‌ಫೋನು, ಅದರೊಳಗೆ ಒಂದು ಗಂಡು ದನಿ, ಒಂದು ಹೆಣ್ಣು ದನಿ, ನಡುವೆ ನನ್ನ ಉತ್ತರಕ್ಕೆಂದು ಬಿಟ್ಟ ಮೌನ.

2021ರ ಅಕ್ಟೋಬರಿನಿಂದ ಒಂದೂವರೆ ವರ್ಷ ನಾನು ಇಸ್ರೇಲಿನ ದಕ್ಷಿಣ ಭಾಗದ ನೆಗೆವ್ ಮರುಭೂಮಿಯಲ್ಲಿದ್ದೆ. ಪಿಎಚ್‌ಡಿಯ ಒಂದು ಭಾಗದ ಕೆಲಸ ಅಲ್ಲಿತ್ತು: ಸವಳು ನೀರನ್ನು ಸೋಸುವ ಪೊರೆಗಳು ಯಾಕೆ ಬೇಗ ಕಟ್ಟಿಕೊಳ್ಳುತ್ತವೆ ಎಂದು ನೋಡುವುದು. ಬಾಡಿಗೆ ಕೋಣೆ ಬೇರ್‌ಶೆವಾ ಊರಿನಲ್ಲಿ, ಪ್ರಯೋಗಾಲಯ ಸ್ದೆ ಬೋಕೆರ್‌ನಲ್ಲಿ. ನಡುವೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಒಂದು ಪಾಠ ಅರ್ಧ ಗಂಟೆಯದು. ಹೋಗುವಾಗ ಹೊಸ ಪಾಠ, ಬರುವಾಗ ಅದೇ ಪಾಠ ಮತ್ತೊಮ್ಮೆ.

ಯಾಕೆ ಬೇಕಿತ್ತು ಎಂದು ಎಲ್ಲರೂ ಕೇಳಿದರು. ಪ್ರಯೋಗಾಲಯ ಪೂರ್ತಿ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಹಾಲಿನ ಅಂಗಡಿಯವನಿಗೂ ಲೆಕ್ಕ ಹೇಳುವಷ್ಟು ಇಂಗ್ಲಿಷ್ ಬರುತ್ತಿತ್ತು. ಆದರೆ ಮಧ್ಯಾಹ್ನ ಊಟದ ಮೇಜಿಗೆ ನಾನು ತಟ್ಟೆ ಹಿಡಿದು ಬಂದ ಕೂಡಲೇ ಆರು ಜನರ ಮಾತು ಹೀಬ್ರೂವಿನಿಂದ ಇಂಗ್ಲಿಷಿಗೆ ತಿರುಗುತ್ತಿತ್ತು. ಅದು ಸೌಜನ್ಯ, ಅನುಮಾನವೇ ಇಲ್ಲ. ಆದರೆ ಅರ್ಧಕ್ಕೆ ನಿಂತ ತಮಾಷೆ ಇಂಗ್ಲಿಷಿನಲ್ಲಿ ಮುಂದುವರಿಯುತ್ತಿರಲಿಲ್ಲ. ನಗು ಇಳಿದು ಹವಾಮಾನದ ಮಾತು ಶುರುವಾಗುತ್ತಿತ್ತು. ನನಗಾಗಿ ಅವರು ಕಷ್ಟಪಡದಿರಲಿ ಅನ್ನಿಸುತ್ತಿತ್ತು. ಅಷ್ಟಕ್ಕೇ ಶುರು ಮಾಡಿದೆ.

ಇಂಥ ಪಾಠಗಳ ಹಿಂದೆ ಒಂದು ಲೆಕ್ಕಾಚಾರವಿದೆ. ಪಾಲ್ ಪಿಮ್ಸ್ಲರ್ ಎಂಬ ಅಮೆರಿಕದ ಭಾಷಾಶಿಕ್ಷಣ ತಜ್ಞ 1967ರಲ್ಲಿ ನೆನಪಿಗೊಂದು ವೇಳಾಪಟ್ಟಿ ಹಾಕಿಕೊಟ್ಟ. ಹೊಸ ಪದ ಕೇಳಿದ 5 ಸೆಕೆಂಡಿಗೆ ಅದನ್ನು ಮತ್ತೆ ಕೇಳಬೇಕು, ಆಮೇಲೆ 25 ಸೆಕೆಂಡಿಗೆ, 2 ನಿಮಿಷಕ್ಕೆ, 10 ನಿಮಿಷಕ್ಕೆ, 1 ಗಂಟೆಗೆ, 5 ಗಂಟೆಗೆ, 1 ದಿನಕ್ಕೆ, 5 ದಿನಕ್ಕೆ, 25 ದಿನಕ್ಕೆ, 4 ತಿಂಗಳಿಗೆ, ಕೊನೆಗೆ 2 ವರ್ಷಕ್ಕೆ. ಪದ ಮರೆತು ಹೋಗುವುದಕ್ಕೆ ಸ್ವಲ್ಪ ಮುಂಚೆ ಬಂದು ಭುಜ ತಟ್ಟುವ ಉಪಾಯ. ಉದ್ದದ ಪದವನ್ನು ಬಾಲದ ಕಡೆಯಿಂದ ಹೇಳಿಸುವುದು ಇನ್ನೊಂದು ಉಪಾಯ. ‘ಮೆವಿನಾ’ ಎಂದರೆ ಅರ್ಥವಾಗುತ್ತದೆ ಎನ್ನುವ ಹೆಂಗಸು. ಮೊದಲು ‘ನಾ’, ಆಮೇಲೆ ‘ವಿನಾ’, ಆಮೇಲೆ ‘ಮೆವಿನಾ’. ‘ಸ್ಲಿಖಾ’ ಎಂದರೆ ಕ್ಷಮಿಸಿ. ಆ ‘ಖಾ’ ನಮ್ಮ ಮಹಾಪ್ರಾಣವಲ್ಲ, ಗಂಟಲಿನ ಆಳದಿಂದ ಉಜ್ಜಿಕೊಂಡು ಬರುವ ಸದ್ದು. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲದ್ದರಿಂದ ಇಲ್ಲಿ ‘ಖ’ ಎಂದೇ ಬರೆಯುತ್ತೇನೆ. ಬಸ್ಸಿನಲ್ಲಿ ನಾನು ಮೆಲ್ಲಗೆ ‘ಖಾ, ಖಾ’ ಎನ್ನುತ್ತಿದ್ದರೆ ಪಕ್ಕದ ಸೀಟಿನ ಸೈನಿಕ ಹುಡುಗ ನೀರಿನ ಬಾಟಲಿ ಮುಂದೆ ಹಿಡಿದಿದ್ದ.

ಹತ್ತು ಹದಿನೈದು ಪಾಠ ಕಳೆದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಈ ಪಾಠ ಮಾಡಿದವರ ಮನಸ್ಸಿನಲ್ಲಿದ್ದ ವಿದ್ಯಾರ್ಥಿ ಇಂಗ್ಲಿಷಿನವನು. ‘ಅನಿ ಸ್ತುದೆಂತಿತ್’ ಎಂಬ ವಾಕ್ಯ ಬಂದಾಗ ನಿರೂಪಕ ನಿಂತು ಎಚ್ಚರಿಸುತ್ತಿದ್ದ: ಇಲ್ಲಿ ‘ಆಮ್’ ಎಂಬುದಕ್ಕೆ ಪದವೇ ಇಲ್ಲ ನೋಡಿ! ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಾನು ವಿದ್ಯಾರ್ಥಿನಿ, ಅಷ್ಟೇ. ನಮ್ಮಲ್ಲೂ ಇಲ್ಲ. ‘ಯೆಶ್ ಲಿ ಆಖ್’ ಬಂದಾಗ ಮತ್ತೆ ಎಚ್ಚರಿಕೆ: ಹೀಬ್ರೂವಿನಲ್ಲಿ ‘ಹ್ಯಾವ್’ ಇಲ್ಲ, ‘ಇದೆ ನನಗೆ’ ಎನ್ನಬೇಕು. ನನಗೊಬ್ಬ ತಮ್ಮ ಇದ್ದಾನೆ. ನಾವೂ ಹಾಗೇ ಹೇಳುತ್ತೇವೆ. ‘ಕರ್ ಲಿ’ ಎಂದರೆ ‘ಚಳಿ ನನಗೆ’. ‘ಕೊಏವ್ ಲಿ ಹಾರೋಶ್’ ಎಂದರೆ ‘ನೋಯುತ್ತದೆ ನನಗೆ ತಲೆ’. ಇಂಗ್ಲಿಷಿನಲ್ಲಿ ಚಳಿಯಾದವನೇ ವಾಕ್ಯದ ಯಜಮಾನ. ಹೀಬ್ರೂವಿನಲ್ಲಿ, ಕನ್ನಡದಲ್ಲಿ ಚಳಿ ಎಲ್ಲಿಂದಲೋ ಬಂದು ನನಗೆ ಆಗುತ್ತದೆ. ಅಂದಿನಿಂದ ನಿರೂಪಕನ ಇಂಗ್ಲಿಷನ್ನು ಕೇಳಿಸಿಕೊಂಡು ಅಲ್ಲೇ ಬಿಟ್ಟುಬಿಡುತ್ತಿದ್ದೆ. ಪ್ರಶ್ನೆಯನ್ನು ಒಳಗೇ ಕನ್ನಡಕ್ಕೆ ತಂದುಕೊಂಡು ಕನ್ನಡದಿಂದ ಹೀಬ್ರೂವಿಗೆ ಹೋದರೆ ದಾರಿ ಹತ್ತಿರವಾಗುತ್ತಿತ್ತು.

ಎಲ್ಲ ಕಡೆಯೂ ಹಾಗಲ್ಲ. ಹೀಬ್ರೂವಿನಲ್ಲಿ ‘ನೀವು’ ಎಂಬ ಗೌರವದ ಬಹುವಚನ ಇಲ್ಲ. ಎದುರಿಗಿರುವವರು ಗಂಡಸಾದರೆ ‘ಅತಾ’, ಹೆಂಗಸಾದರೆ ‘ಅತ್’. ಮಗುವಾದರೂ ಅಷ್ಟೇ, ಮಂತ್ರಿಯಾದರೂ ಅಷ್ಟೇ. ನನ್ನ ಮಾರ್ಗದರ್ಶಕರಿಗೆ ಅರವತ್ತು ದಾಟಿತ್ತು. ಅವರನ್ನು ಹೆಸರು ಹಿಡಿದು ‘ಅತಾ’ ಎನ್ನುವಾಗ ಪ್ರತಿ ಸಲವೂ ನಾಲಗೆ ಒಂದು ಕ್ಷಣ ಹಿಂದೆ ಸರಿಯುತ್ತಿತ್ತು. ಕನ್ನಡ ನನ್ನನ್ನು ಎದುರಿಗಿರುವವರು ದೊಡ್ಡವರೋ ಚಿಕ್ಕವರೋ ಎಂದು ಕೇಳುತ್ತದೆ. ಹೀಬ್ರೂ ಗಂಡೋ ಹೆಣ್ಣೋ ಎಂದು. ಎರಡಕ್ಕೂ ಉತ್ತರ ಕೊಡದೆ ಬಾಯಿ ತೆರೆಯುವ ಹಾಗಿಲ್ಲ.

ಬಸ್ಸಿನ ಕಿಟಕಿಯಾಚೆ ಬೆದೂಯಿನರ ತಗಡಿನ ಮನೆಗಳು, ಕುರಿಮಂದೆಗಳು. ಬಸ್ಸಿನೊಳಗೆ ಅವರ ಅರಬ್ಬಿ ಮಾತು. ಅವರೂ ಚಾಲಕನ ಜೊತೆ ಹೀಬ್ರೂ ಆಡುತ್ತಿದ್ದರು, ನನಗಿಂತ ಎಷ್ಟೋ ಚೆನ್ನಾಗಿ. ಆದರೆ ಅವರಿಗೆ ಅದು ಕಚೇರಿಯ, ಪೊಲೀಸರ, ಕೆಲಸ ಕೊಡುವವನ ಭಾಷೆ. ನನ್ನ ಹಾಗೆ ಇಯರ್‌ಫೋನು ಸಿಕ್ಕಿಸಿಕೊಂಡು ಬೇಕೆಂದು ಆರಿಸಿಕೊಂಡದ್ದಲ್ಲ. ಅವರ ಭಾಷೆಯೋ, ಕೇಳದೆಯೇ ಹೀಬ್ರೂವಿನೊಳಗೆ ಓಡಾಡುತ್ತಿತ್ತು. ‘ಯಲ್ಲಾ’ ಎಂದರೆ ಹೊರಡೋಣ, ‘ಸಬಾಬಾ’ ಎಂದರೆ ಚೆನ್ನಾಗಿದೆ, ‘ಖಲಾಸ್’ ಎಂದರೆ ನಮ್ಮ ಖಲಾಸೇ. ಇವು ಯಾವುವೂ ನನ್ನ ಪಾಠದಲ್ಲಿರಲಿಲ್ಲ, ಬಸ್ಸಿನಲ್ಲಿದ್ದವು. ಹೋಟೆಲಿನ ಬಿಲ್ಲಿಗೆ ಹೀಬ್ರೂವಿನಲ್ಲಿ ‘ಖೆಶ್ಬೋನ್’. ಅರಬ್ಬಿಯಿಂದ ನಮ್ಮಲ್ಲಿಗೆ ಬಂದ ‘ಹಿಸಾಬು’ ಅದೇ ಬೇರಿನದು.

ಒಂದು ಸಂಜೆ ಊರೊಳಗಿನ ಬಸ್ಸಿನಲ್ಲಿ ಪಾಠ ನಡೆಯುತ್ತಿತ್ತು. ನಿರೂಪಕ ಏನೋ ಕೇಳಿ ಸುಮ್ಮನಾದ. ನಾನು ಉತ್ತರ ಹೇಳಬೇಕಾದ ಆ ಮೌನದೊಳಗೆ ಹಿಂದಿನ ಸೀಟಿನಿಂದ ದನಿ ಬಂತು: “ಎಂಥ ಮಾಡುವುದು ಮಾರಾಯ್ತಿ, ಹೀಗೇ ಉಂಟು.” ಇಯರ್‌ಫೋನು ಕಿತ್ತು ತಿರುಗಿ ನೋಡಿದೆ. ನಲವತ್ತೈದರ ಆಸುಪಾಸಿನ ಹೆಂಗಸು ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ದಿಟ್ಟಿಸುವುದನ್ನು ಕಂಡು ಹುಬ್ಬೇರಿಸಿದರು. “ಕನ್ನಡವಾ?” ಎಂದರು. ಇಬ್ಬರೂ ಇಳಿಯಬೇಕಾದ ನಿಲ್ದಾಣ ದಾಟಿತು.

ಅಕ್ಕ ಉಡುಪಿ ಕಡೆಯವರು, ಮನೆಮಾತು ಕೊಂಕಣಿ. ನಮ್ಮ ಕರಾವಳಿಯಿಂದ, ಕೇರಳದಿಂದ ಹೋದ ಸಾವಿರಾರು ಜನ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಅಕ್ಕ ಏಳು ವರ್ಷದಿಂದ ಒಂದೇ ಅಜ್ಜಿಯ ಮನೆಯಲ್ಲಿ, ಅಲ್ಲೇ ಊಟ, ಅಲ್ಲೇ ನಿದ್ದೆ. ಹೀಬ್ರೂ ಅಕ್ಷರ ಒಂದೂ ಗೊತ್ತಿಲ್ಲ, ಮಾತು ಮಾತ್ರ ನೀರಿನ ಹಾಗೆ. ಇಳಿಯುವಾಗ ಚಾಲಕನನ್ನು ಅವರು ಏನೋ ಕೇಳಿದರು: “ಅತ್ ಯೊದಾತ್?” ನಿನಗೆ ಗೊತ್ತೇನಮ್ಮಾ ಎಂದ ಹಾಗೆ. ದಪ್ಪ ಮೀಸೆಯ ಚಾಲಕ ಮುಖದಲ್ಲಿ ಏನೂ ತೋರಿಸದೆ ಉತ್ತರ ಕೊಟ್ಟ. ಅಕ್ಕನ ಹೀಬ್ರೂ ಪೂರ್ತಿ ಸ್ತ್ರೀಲಿಂಗ. ಏಳು ವರ್ಷ ಆ ಮನೆಯಲ್ಲಿ ಮಾತಾಡಿದವರು ಇಬ್ಬರು ಹೆಂಗಸರು ಮಾತ್ರ. ಅಜ್ಜಿ ಅಕ್ಕನಿಗೆ ‘ಅತ್’, ಅಕ್ಕ ಅಜ್ಜಿಗೆ ‘ಅತ್’. ಆ ಭಾಷೆಗೆ ಗಂಡಸು ಬೇಕಾಗಿರಲೇ ಇಲ್ಲ. ‘ನೀವು’ ಇಲ್ಲದ ಕೊರತೆಯನ್ನು ಅಕ್ಕ ತಮ್ಮ ರೀತಿಯಲ್ಲಿ ತುಂಬಿಕೊಂಡಿದ್ದರು. ಪ್ರತಿ ವಾಕ್ಯದ ಕೊನೆಗೂ ‘ಸವ್ತಾ’ ಸೇರಿಸುತ್ತಿದ್ದರು. ಸವ್ತಾ ಎಂದರೆ ಅಜ್ಜಿ.

ಶನಿವಾರ ಅವರಿಗೆ ರಜೆ. ಆ ದಿನ ಊರಿನ ಬಸ್ಸುಗಳಿಗೂ ರಜೆ. ನಡೆದೇ ಹೋಗಿ ಅವರ ಮನೆಯ ಕೆಳಗಿನ ಬೆಂಚಿನ ಮೇಲೆ ಕೂರುತ್ತಿದ್ದೆ. ಕೆಲವೊಮ್ಮೆ ಅಜ್ಜಿಯನ್ನೂ ಗಾಲಿಕುರ್ಚಿಯಲ್ಲಿ ಕರೆತರುತ್ತಿದ್ದರು. ತೊಂಬತ್ತರ ಹತ್ತಿರದ ಜೀವ. ರೊಮೇನಿಯಾದಲ್ಲಿ ಹುಟ್ಟಿ, 1950ರ ದಶಕದ ಮೊದಲಲ್ಲಿ ಹಡಗಿನಲ್ಲಿ ಹೈಫಾ ಬಂದರಿಗೆ ಬಂದಿಳಿದವರು. ಹೀಬ್ರೂ ಕಲಿತದ್ದು ಇಲ್ಲಿಗೆ ಬಂದ ಮೇಲೆ.

ಅಲ್ಲಿಯವರೆಗೆ ನಾನು ಹೀಬ್ರೂವನ್ನು ಅಲ್ಲಿಯವರೆಲ್ಲರ ತಾಯ್ನುಡಿ ಎಂಬಂತೆ ಕೇಳುತ್ತಿದ್ದೆ. ಅಜ್ಜಿಯನ್ನು ಕಂಡ ಮೇಲೆ ಅದರ ಇನ್ನೊಂದು ಮುಖ ಕಂಡಿತು. ಶತಮಾನಗಳ ಕಾಲ ಪ್ರಾರ್ಥನೆಯಲ್ಲಿ, ಓದುಬರಹದಲ್ಲಿ ಬದುಕಿದ್ದರೂ ಹೀಬ್ರೂ ಯಾರ ಮನೆಮಾತೂ ಆಗಿರಲಿಲ್ಲ. 1881ರಲ್ಲಿ ಜೆರುಸಲೇಮಿಗೆ ಬಂದ ಎಲಿಯೆಜೆರ್ ಬೆನ್ ಯೆಹೂದಾ ಮರುವರ್ಷ ಹುಟ್ಟಿದ ಮಗನ ಕಿವಿಗೆ ಹೀಬ್ರೂ ಬಿಟ್ಟು ಬೇರೆ ಭಾಷೆ ಬೀಳದಂತೆ ಕಾದ. ತಾಯಿ ಒಮ್ಮೆ ರಷ್ಯನ್ ಜೋಗುಳ ಹಾಡಿದ್ದಕ್ಕೆ ಮನೆಯಲ್ಲಿ ರಂಪವಾಯಿತು ಎಂದು ಹೇಳುತ್ತಾರೆ. 1949ರಲ್ಲಿ ಜೆರುಸಲೇಮಿನಲ್ಲಿ ವಲಸೆ ಬಂದ ದೊಡ್ಡವರಿಗಾಗಿ ಮೊದಲ ‘ಉಲ್ಪಾನ್’ ಶುರುವಾಯಿತು. ಯಿದ್ದಿಶ್, ಅರಬ್ಬಿ, ರೊಮೇನಿಯನ್, ಪೋಲಿಶ್ ಮಾತಾಡುವವರು ಒಂದೇ ಬೆಂಚಿನಲ್ಲಿ ಕೂತು ಮಕ್ಕಳ ಹಾಗೆ ಹೀಬ್ರೂ ಒಪ್ಪಿಸಿದರು. ಸ್ದೆ ಬೋಕೆರ್‌ನಲ್ಲಿ ನನ್ನ ಪ್ರಯೋಗಾಲಯದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಆ ದೇಶದ ಮೊದಲ ಪ್ರಧಾನಿ ಬೆನ್ ಗುರಿಯನ್‌ನ ಸಮಾಧಿ ಇದೆ. ಪೋಲೆಂಡಿನ ಪ್ಲೊನ್ಸ್ಕ್‌ನಲ್ಲಿ ಡೇವಿಡ್ ಗ್ರೂನ್ ಆಗಿ ಹುಟ್ಟಿದ ಆತನ ಬಾಲ್ಯದ ಮಾತು ಯಿದ್ದಿಶ್. ಹೆಸರನ್ನೂ ಕೂಡ ಹೀಬ್ರೂವಿಗೆ ಬದಲಿಸಿಕೊಂಡವನು. ಒಂದು ತಲೆಮಾರಿಗೆ ತಲೆಮಾರೇ ಗಿಣಿಪಾಠ ಒಪ್ಪಿಸಿ ಕಟ್ಟಿದ ಮಾತಿದು. ಹಾಗೆ ಒಪ್ಪಿಸುವಾಗ ಅವರು ಒಳಗೆ ಅದುಮಿಟ್ಟ ಮಾತುಗಳೂ ಇದ್ದವು.

ಆ ಚಳಿಗಾಲದಲ್ಲಿ ಅಜ್ಜಿಯ ಮರೆವು ಹೆಚ್ಚಾಯಿತು. ಮರೆವಿನ ಕಾಯಿಲೆಯಲ್ಲಿ ಎಷ್ಟೋ ಸಲ ಆಮೇಲೆ ಕಲಿತದ್ದು ಮೊದಲು ಹೋಗುತ್ತದೆ, ಬಾಲ್ಯದ ಮಾತು ಉಳಿಯುತ್ತದೆ. ಅಜ್ಜಿಯ ಬಾಯಲ್ಲಿ ಹೀಬ್ರೂ ಕಡಿಮೆಯಾಗುತ್ತಾ ರೊಮೇನಿಯನ್ ಬರತೊಡಗಿತು. ಮಕ್ಕಳಿಗೆ ಅದು ಬರುತ್ತಿರಲಿಲ್ಲ. ಅವರನ್ನು ಹೀಬ್ರೂವಿನಲ್ಲೇ ಬೆಳೆಸಿದ್ದರು. ಏಳು ವರ್ಷದಲ್ಲಿ ಅಕ್ಕ ಕಟ್ಟಿಕೊಂಡಿದ್ದ ಭಾಷೆ ಮೂರು ತಿಂಗಳಲ್ಲಿ ಕೆಲಸಕ್ಕೆ ಬಾರದಂತಾಯಿತು. “ರಾತ್ರಿ ಏನೋ ಹೇಳಿ ಅಳ್ತಾರೆ. ನೀರು ಬೇಕಾ, ನೋಯ್ತದಾ, ಒಂದೂ ಗೊತ್ತಾಗುವುದಿಲ್ಲ. ‘ಕೊಏವ್ ಲಾಖ್, ಸವ್ತಾ?’ ಅಂತ ಕೇಳಿದ್ರೆ ನನ್ನ ಮುಖ ನೋಡ್ತಾರೆ, ಯಾರೋ ಬಂದು ನಿಂತ ಹಾಗೆ,” ಎಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ನಿನ್ನ ಆ ಕಿವಿಯ ಪಾಠದಲ್ಲಿ ಅಜ್ಜಿಯ ಭಾಷೆ ಉಂಟಾ?”

ಇತ್ತು. ಒಂದು ಇಯರ್‌ಫೋನು ಅವರ ಕಿವಿಗೆ, ಇನ್ನೊಂದು ನನ್ನ ಕಿವಿಗೆ ಇಟ್ಟುಕೊಂಡು ಬೆಂಚಿನ ಮೇಲೆ ಕೂತೆವು. ಬೇರೆ ದನಿಗಳು, ಆದರೆ ಅದೇ ಜಾಡು: ಕ್ಷಮಿಸಿ, ನಿಮಗೆ ಇಂಗ್ಲಿಷ್ ಬರುತ್ತದೆಯೇ? ಹತ್ತು ನಿಮಿಷಕ್ಕೆ ಅಕ್ಕ ಇಯರ್‌ಫೋನು ತೆಗೆದರು. “ಅಜ್ಜಿಗೆ ಇಂಗ್ಲಿಷ್ ಬರ್ತದಾ ಅಂತ ನಾನ್ಯಾಕೆ ಕೇಳ್ಲಿ ಮಾರಾಯ್ತಿ? ಚಳಿ ಆಗ್ತದಾ ಅಂತ ಕೇಳ್ಬೇಕು ನಂಗೆ.”

ಅಕ್ಕ ಹೇಳಿದ್ದು ಸರಿ. ಆ ಪಾಠ ಪ್ರವಾಸಿಗಳಿಗಾಗಿ ಮಾಡಿದ್ದು. ನಡುರಾತ್ರಿ ಹಾಸಿಗೆಯ ಪಕ್ಕ ನಿಂತವರಿಗೆ ಅಲ್ಲ. ಹಾಗಾಗಿ ಅಕ್ಕನಿಗೆ ಬೇಕಾದ ಪಾಠವನ್ನು ನಾವೇ ಮಾಡಿದೆವು. ಅಜ್ಜಿಯ ಮನೆಯ ಕೆಳಗಿನ ಮಹಡಿಯಲ್ಲಿ ರೊಮೇನಿಯಾದಿಂದಲೇ ಬಂದ ನಿವೃತ್ತ ಹಿರಿಯರೊಬ್ಬರಿದ್ದರು. ಅಕ್ಕನಿಗೆ ಬೇಕಾದ ಹದಿನೆಂಟು ವಾಕ್ಯಗಳನ್ನು ಪಟ್ಟಿ ಮಾಡಿಕೊಂಡು ಹೋಗಿ ಅವರ ಮುಂದೆ ಫೋನು ಹಿಡಿದೆ. ನನ್ನ ಅರೆಬರೆ ಹೀಬ್ರೂವಿನಲ್ಲಿ ವಿಷಯ ಹೇಳಿದೆ. ಪಾಠದಿಂದ ಕಲಿತ ಭಾಷೆಯಲ್ಲಿ ಪಾಠದಾಚೆಗಿನ ಕೆಲಸವೊಂದನ್ನು ಪೂರ್ತಿ ಮಾಡಿದ್ದು ಅದೇ ಮೊದಲು. ಅವರು ಒಂದೊಂದನ್ನೂ ಎರಡು ಸಲ, ನಿಧಾನಕ್ಕೆ ಹೇಳಿದರು. ‘ವ್ರೆತ್ಸ್ ಆಪ?’ ನೀರು ಬೇಕಾ? ‘ಉಂದೆ ವ ದ್ವಾರೆ?’ ಎಲ್ಲಿ ನೋಯುತ್ತದೆ? ‘ನ್ವಾಪ್ತೆ ಬುನ’, ಶುಭರಾತ್ರಿ. ವಯಸ್ಸಾದ ಹೆಂಗಸಿಗೆ ಏಕವಚನ ಕೂಡದು ಎಂದು ಅವರೇ ಎಲ್ಲವನ್ನೂ ಬಹುವಚನದಲ್ಲಿ ಹೇಳಿದ್ದರು. ರೊಮೇನಿಯನ್ನಿನಲ್ಲಿ ‘ನೀವು’ ಇದೆ! ಅಕ್ಕನಿಗೆ ಇದನ್ನು ಹೇಳಿದಾಗ ಅವರಿಗೆ ಆದ ಖುಷಿ ನೋಡಬೇಕಿತ್ತು. “ಏಳು ವರ್ಷ ಅಜ್ಜಿಯನ್ನು ‘ನೀನು’ ಅಂದದ್ದು ಸಾಕು,” ಎಂದರು.

ಇನ್ನೊಂದು ಸಂಗತಿಯೂ ಸಿಕ್ಕಿತು. ಚಳಿಯಾದಾಗ ರೊಮೇನಿಯನ್ನರು ‘ಮಿಯೆ ಫ್ರಿಗ್’ ಎನ್ನುತ್ತಾರೆ. ನನಗೆ ಇದೆ ಚಳಿ. ಅಲ್ಲೂ ಚಳಿ ನನಗೆ ಆಗುವುದೇ. ಹೀಬ್ರೂವಿನ ‘ಕರ್ ಲಿ’ಯೂ ಅದೇ, ಕನ್ನಡವೂ ಅದೇ, ಅಕ್ಕನ ಕೊಂಕಣಿಯ ‘ಮ್ಹಾಕಾ’ ಕೂಡ ಅದೇ ‘ನನಗೆ’. ಒಂದಕ್ಕೊಂದು ಸಂಬಂಧವಿಲ್ಲದ ಮನೆತನಗಳ ಭಾಷೆಗಳೂ ಚಳಿಯ ವಿಷಯದಲ್ಲಿ ಒಂದೇ ಜಾಗಕ್ಕೆ ಬಂದು ಕೂತಿವೆ. ವ್ಯಾಕರಣದ ಪುಸ್ತಕದಲ್ಲಿ ಇದಕ್ಕೆ ಚತುರ್ಥಿ ಎಂಬ ಹೆಸರಿದೆ. ಅಕ್ಕನಿಗೆ ಆ ಹೆಸರು ಬೇಕಿರಲಿಲ್ಲ. ಇಂಗ್ಲಿಷಿನ ಸುತ್ತುದಾರಿ ಬಿಟ್ಟು ನೇರ ಕನ್ನಡದಿಂದ ಹೋದರೆ ವಾಕ್ಯ ತಾನಾಗಿ ಕೂರುತ್ತಿತ್ತು.

ಆ ವಾರ ರಾತ್ರಿ ಕೂತು ಧ್ವನಿಯನ್ನು ಕತ್ತರಿಸಿ ಜೋಡಿಸಿದೆ. ಮೊದಲು ನನ್ನ ದನಿ: ಅಜ್ಜಿ, ಚಳಿ ಆಗ್ತಾ ಇದೆಯಾ? ಆಮೇಲೆ ಅಕ್ಕ ಉತ್ತರಿಸಲು ಮೌನ. ಆಮೇಲೆ ಕೆಳಮಹಡಿಯ ಹಿರಿಯರ ದನಿ. 5 ಸೆಕೆಂಡಿಗೆ ಮತ್ತೆ ಅದೇ ಪ್ರಶ್ನೆ, 25 ಸೆಕೆಂಡಿಗೆ ಇನ್ನೊಮ್ಮೆ, 2 ನಿಮಿಷಕ್ಕೆ ಮತ್ತೊಮ್ಮೆ. ಒಟ್ಟು ಇಪ್ಪತ್ತೆರಡು ನಿಮಿಷದ ಕನ್ನಡ-ರೊಮೇನಿಯನ್ ಪಾಠ. ಅಕ್ಕ ಅಡುಗೆ ಮಾಡುತ್ತಾ, ಬಟ್ಟೆ ಮಡಚುತ್ತಾ ಕೇಳಿದರು.

ಹತ್ತು ದಿನ ಕಳೆದ ಮೇಲೆ ಬೆಳಗಿನ ಬಸ್ಸಿನಲ್ಲಿದ್ದಾಗ ಅವರ ಧ್ವನಿಸಂದೇಶ ಬಂತು. “ನಿನ್ನೆ ರಾತ್ರಿ ಅಜ್ಜಿ ‘ಮಿಯೆ ಫ್ರಿಗ್’ ಅಂದ್ರು. ಕೇಳಿದ ಕೂಡಲೇ ಗೊತ್ತಾಯ್ತು. ಇನ್ನೊಂದು ಕಂಬಳಿ ಹೊದೆಸಿದೆ. ಮಲಗಿದ್ರು.” ಅಷ್ಟೇ ಸಂದೇಶ. ಅಂದು ಪಾಠ ಹಾಕಲಿಲ್ಲ. ಸ್ದೆ ಬೋಕೆರ್ ಬರುವ ತನಕ ಅದನ್ನೇ ಕೇಳಿದೆ.

2023ರ ಮಾರ್ಚಿಯಲ್ಲಿ ನಾನು ಬೆಂಗಳೂರಿಗೆ ಮರಳಿದೆ. ಅದೇ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡರು. ಅಕ್ಟೋಬರಿನ ನಂತರ ಆ ನೆಲದಲ್ಲೂ, ಬೇರ್‌ಶೆವಾದಿಂದ ನಲವತ್ತು ಕಿಲೋಮೀಟರ್ ಆಸುಪಾಸಿನ ಗಾಜಾದಲ್ಲೂ ಏನೇನಾಯಿತು ಎಂಬುದು ನಿಮಗೆ ಗೊತ್ತು. ಸುದ್ದಿ ನೋಡುವಾಗ ಅಂದಿನ ಬಸ್ಸಿನಲ್ಲಿ ಅರಬ್ಬಿ ಆಡುತ್ತಿದ್ದವರು, ನೀರಿನ ಬಾಟಲಿ ಮುಂದೆ ಹಿಡಿದ ಸೈನಿಕ ಹುಡುಗ, ಇವರೆಲ್ಲ ಎಲ್ಲಿರಬಹುದು ಎಂದು ಲೆಕ್ಕ ಹಾಕುತ್ತೇನೆ. ಅಕ್ಕ ಅಲ್ಲೇ ಉಳಿದರು. ಊರಿನಲ್ಲಿ ಮಗನ ಓದು ಮುಗಿದಿಲ್ಲ, ಮನೆಯ ಸಾಲ ತೀರಿಲ್ಲ.

ಪಿಮ್ಸ್ಲರ್‌ನ ಪಟ್ಟಿಯ ಕೊನೆಯ ಗಡುವು 2 ವರ್ಷ. ನನ್ನದು ದಾಟಿದೆ. ರೈಲು ಎಷ್ಟು ಗಂಟೆಗೆ, ಹೋಟೆಲು ಎಲ್ಲಿ, ಒಂದು ಲೋಟ ವೈನ್ ಬೇಕು ಎಂಬವೆಲ್ಲ ಹೆಚ್ಚು ಕಡಿಮೆ ಹೋಗಿವೆ. ‘ಕರ್ ಲಿ’, ‘ಕೊಏವ್ ಲಿ’ ಇವೆ. ಪಾಠದಲ್ಲಿ ಇಲ್ಲದ ‘ಯಲ್ಲಾ’, ‘ಖಲಾಸ್’ ಇವೆ. ನಾನು ಕಲಿಯಲು ಹೊರಡದೇ ಇದ್ದ ರೊಮೇನಿಯನ್ನಿನ ಹದಿನೆಂಟು ವಾಕ್ಯಗಳೂ ಇವೆ. ಕತ್ತರಿಸಿ ಜೋಡಿಸುವಾಗ ಅಷ್ಟು ಸಲ ಕೇಳಿದ್ದೆ.

ಅಕ್ಕನಿಗೆ ಈಗ ಹೊಸ ಮನೆ. ಈ ಸಲ ಅಜ್ಜ, ಹುಟ್ಟಿನಿಂದಲೂ ಹೀಬ್ರೂ ಆಡಿದವರು. ‘ಅತ್’ ಎಂದರೆ ಅವರಿಗೆ ಸಿಟ್ಟು ಬರುತ್ತದಂತೆ. “ಏಳು ವರ್ಷದ್ದು ಎಲ್ಲ ಗಂಡು ಮಾಡ್ಬೇಕು ಮಾರಾಯ್ತಿ, ಒಂದು ಪಾಠ ಮಾಡಿ ಕಳ್ಸು,” ಎಂದು ಹೋದ ವಾರ ಹೇಳಿದರು. ಜೊತೆಗೆ ಕೆಲಸ ಮಾಡಿದ ಗೆಳೆಯನೊಬ್ಬ ಅಲ್ಲಿಂದ ವಾಕ್ಯಗಳನ್ನು ಹೇಳಿ ಕಳಿಸಿದ್ದಾನೆ. ಕನ್ನಡದ ಪ್ರಶ್ನೆಗಳನ್ನು ನಾನು ನಿನ್ನೆ ಹೇಳಿ ಮುಗಿಸಿದೆ. ಇನ್ನು ಮೌನಗಳನ್ನು ಅಳತೆ ಮಾಡಿ ಇಡಬೇಕು. ಅಕ್ಕ ಈ ಸಲ ಸ್ವಲ್ಪ ಜಾಸ್ತಿ ಹೊತ್ತು ಬಿಡು ಎಂದಿದ್ದಾರೆ, ಯೋಚಿಸಲು ಸಮಯ ಬೇಕಂತೆ.